ಅಲ್ಲಾದೀನನ ಎರಡು ಓಟಗಳು

ಪ್ರಿಯ ಗೆಳೆಯ,

ಚಿತ್ರಗಳ ಸಂಖ್ಯೆ ಹೆಚ್ಚಿದಷ್ಟೂ ಸ್ಪ್ರೈಟ್ (ಆಟದ ತೆರೆಯ ಮೇಲೆ ಚಲಿಸುವ ಪುಟ್ಟ ಚಿತ್ರ) ಅನಿಮೇಷನ್ ಉತ್ತಮವಾಗುತ್ತದೆ ಎಂದು ನೀನು ಕಳೆದ ಪತ್ರದಲ್ಲಿ ಬರೆದಿದ್ದೆ. ಅಂದಿನಿಂದ ಹಳೆಯ ಕನ್ಸೋಲ್ ಆಟಗಳನ್ನು ಒಂದೊಂದಾಗಿ ಮತ್ತೆ ಆಡಿ ನೋಡಿದೆ. ನಿನ್ನ ಮಾತನ್ನು ಅರ್ಧ ಮಾತ್ರ ಒಪ್ಪಬಲ್ಲೆ: ಚಿತ್ರಗಳು ಹೆಚ್ಚಿದರೆ ನೋಟ ಚೆಂದವಾಗುತ್ತದೆ, ಆದರೆ ಬಟನ್ ಒತ್ತಿದ್ದಕ್ಕೆ ಗೊಂಬೆ ಓಗೊಡುವುದು ತಡವಾಗಬಹುದು.

1985ರ ಸೂಪರ್ ಮಾರಿಯೊ ಬ್ರದರ್ಸ್ ಆಟದಲ್ಲಿ ಮಾರಿಯೊ ಓಡುವುದಕ್ಕೆ ಇರುವುದು ಮೂರೇ ಚಿತ್ರಗಳು. ಆದರೂ ವೇಗವಾಗಿ ಓಡುತ್ತಿರುವವನನ್ನು ಥಟ್ಟನೆ ಹಿಂದಕ್ಕೆ ತಿರುಗಿಸಿದಾಗ ಕಾಲೂರಿ ಜಾರುವ ಆ ಒಂದು ಭಂಗಿಯೂ, ಕ್ರಮೇಣ ಇಳಿಯುವ ವೇಗವೂ ಸೇರಿ ಅವನ ಮೈಗೆ ತೂಕ ತಂದುಕೊಡುತ್ತವೆ. (ಆ ಆಟ ಓಡುತ್ತಿದ್ದ ನಿಂಟೆಂಡೊ ಯಂತ್ರ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್‌ಗಳನ್ನು ತೋರಿಸಲಾರದು, ಹಾಗಾಗಿ ಗೊಂಬೆಗಳು ಮಿಣುಕತೊಡಗಿದಾಗಲೆಲ್ಲ ನಾವಿಬ್ಬರೂ ಕ್ಯಾಸೆಟ್ ಕಿತ್ತು ಊದಿದ್ದೆಲ್ಲ ವ್ಯರ್ಥವೇ ಆಯಿತು.)

ನಿನ್ನ ವಾದಕ್ಕೆ ನಿಜವಾದ ಪರೀಕ್ಷೆ 1993ರ ಅಲ್ಲಾದೀನ್. ಅದೇ ಕಥೆ, ಅದೇ ವರ್ಷ, ಆದರೆ ಎರಡು ಬೇರೆ ಆಟಗಳು. ವರ್ಜಿನ್ ಸಂಸ್ಥೆ ಸೆಗಾದ ಮೆಗಾ ಡ್ರೈವ್ ಕನ್ಸೋಲ್‌ಗೆ ಮಾಡಿದ ಆಟಕ್ಕೆ ಡಿಸ್ನಿಯ ಕಲಾವಿದರೇ ಕೈಯಿಂದ ಬಿಡಿಸಿದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಾಗಿತ್ತು. ಅಗ್ರಬಾದ ಸಂತೆಯಲ್ಲಿ ಕಾದ ಕೆಂಡದ ಮೇಲೆ ಕಾಲಿಟ್ಟ ಕಾವಲುಗಾರ ಕುಪ್ಪಳಿಸುವುದನ್ನು ನೋಡಲೆಂದೇ ನಾನು ಕತ್ತಿ ಬೀಸದೆ ಸುಮ್ಮನೆ ನಿಂತದ್ದುಂಟು. ಸೂಪರ್ ನಿಂಟೆಂಡೊಗೆ ಕ್ಯಾಪ್‌ಕಾಮ್ ಮಾಡಿದ, ಶಿಂಜಿ ಮಿಕಾಮಿ ವಿನ್ಯಾಸಗೊಳಿಸಿದ ಆಟದಲ್ಲಿ ಕತ್ತಿಯೂ ಇಲ್ಲ, ಅಂಥ ವೈಭವವೂ ಇಲ್ಲ. ಆದರೆ ಕಾವಲುಗಾರನ ತಲೆಯ ಮೇಲೆ ಕೈಯೂರಿ ಲಾಗ ಹಾಕಿ, ಮುಂದಿನ ಕಂಬವನ್ನು ಹಿಡಿದು ತೂಗಿ ಹಾರುವಾಗ ಬೆರಳಿಗೂ ತೆರೆಗೂ ನಡುವೆ ಅಂತರವೇ ಇಲ್ಲವೆನಿಸುತ್ತದೆ. ನೋಡುವುದಕ್ಕೆ ನನಗೆ ಮೊದಲನೆಯದೇ ಬೇಕು, ಆಡುವುದಕ್ಕೆ ಎರಡನೆಯದು.

ಹಾಗೆಂದು ಚಿತ್ರಗಳು ಹೆಚ್ಚಿದರೆ ಆಟ ಕೆಡಲೇಬೇಕೆಂದೇನೂ ಇಲ್ಲ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡಿ ಹಾರುವುದನ್ನು ಚಿತ್ರೀಕರಿಸಿ, ಅದರಿಂದ ಪ್ರಿನ್ಸ್ ಆಫ್ ಪರ್ಷಿಯಾದ ರಾಜಕುಮಾರನನ್ನು ರೂಪಿಸಿದ. ಆ ರಾಜಕುಮಾರ ಓಟ ನಿಲ್ಲಿಸಲು ಎರಡು ಹೆಜ್ಜೆ ಬೇಕು. ಆದರೆ ಅಲ್ಲಿನ ಹೊಂಡಗಳನ್ನೂ ಮುಳ್ಳುಗಳನ್ನೂ ಆ ಹೆಜ್ಜೆಗಳ ಲೆಕ್ಕದಲ್ಲೇ ಇಟ್ಟಿರುವುದರಿಂದ ತಡವೇ ಆಟದ ಸ್ವಾರಸ್ಯವಾಗುತ್ತದೆ.

ನೋಟದ ವೈಭವ, ಬೆರಳಿಗೆ ಓಗೊಡುವ ಚುರುಕು ಎರಡನ್ನೂ ಒಟ್ಟಿಗೆ ಸಾಧಿಸಿದ್ದು, ನನ್ನ ಮಟ್ಟಿಗೆ, ನಿಯೋ ಜಿಯೋ ಯಂತ್ರದ ಮೆಟಲ್ ಸ್ಲಗ್ (1996). ಅಲ್ಲಿ ನಾಯಕ ಮಾರ್ಕೋನ ಸೊಂಟದ ಮೇಲಿನ ಭಾಗವನ್ನೂ ಕಾಲುಗಳನ್ನೂ ಬೇರೆ ಬೇರೆ ಸ್ಪ್ರೈಟ್‌ಗಳಾಗಿ ಬಿಡಿಸಿರುವುದರಿಂದ ಕಾಲು ಓಡುತ್ತಿರುವಾಗಲೇ ಬಂದೂಕು ಮೇಲಕ್ಕೆ ತಿರುಗುತ್ತದೆ, ಒಂದು ಕ್ಷಣವೂ ಕಾಯಿಸುವುದಿಲ್ಲ. ಅಲಂಕಾರವೆಲ್ಲ ಶತ್ರುಗಳ ಪಾಲು: ಹರಟುತ್ತಾ ಕುಳಿತ ಸೈನಿಕರು ನಮ್ಮನ್ನು ಕಂಡು ಕಿರುಚಿ ಓಡುತ್ತಾರೆ.

ಒಂದು ಕೆಲಸ ಮಾಡು. ನಿನ್ನ ಮೆಚ್ಚಿನ ಆಟ ಯಾವುದಾದರೂ ಸರಿ, ಜಂಪ್ ಬಟನ್ ಒತ್ತಿದ ಮೇಲೆ ಪಾದ ನೆಲ ಬಿಡುವುದರೊಳಗೆ ಎಷ್ಟು ಚಿತ್ರಗಳು ಬಂದು ಹೋಗುತ್ತವೆ ಎಂಬುದನ್ನು ಎಣಿಸಿ ನನಗೆ ಬರೆ.

ನಿನ್ನ,
ಹಳೆಯ ಎರಡನೇ ಪ್ಲೇಯರ್