ಬೆಟ್ಟಿಯ ಲಂಗ ಉದ್ದವಾದದ್ದು

ಮಾನ್ಯ ಸಂಪಾದಕರೇ,

ಕಾರ್ಟೂನ್ ಹುಡುಗಿಯರ ಉಡುಪು ಈಚೆಗಷ್ಟೇ ಕೆಟ್ಟಿತೆಂದು ಗೊಣಗುವವರು ಅಮೆರಿಕದ ಹಳೆಯ ಕಾರ್ಟೂನ್ ನಾಯಕಿ ಬೆಟ್ಟಿ ಬೂಪ್‌ಳನ್ನು ಒಮ್ಮೆ ನೋಡಲಿ. 1930ರಲ್ಲಿ ಫ್ಲೈಷರ್ ಸ್ಟುಡಿಯೊ ಅವಳನ್ನು ಪರದೆಗೆ ತಂದಾಗ ಅವಳಿಗಿದ್ದದ್ದು ಜೋಲುವ ನಾಯಿಕಿವಿ! 1932ರ ಹೊತ್ತಿಗೆ ಆ ಕಿವಿಗಳೇ ದೊಡ್ಡ ರಿಂಗ್ ಓಲೆಗಳಾದವು. ಗಿಡ್ಡ ಲಂಗ, ತೊಡೆಯ ಮೇಲೆ ಕಾಲುಚೀಲ ಬಿಗಿಯುವ ಗಾರ್ಟರ್ ಪಟ್ಟಿ. 1934ರಲ್ಲಿ ಹಾಲಿವುಡ್‌ನ ನೀತಿಸಂಹಿತೆ (ಸಿನಿಮಾದಲ್ಲಿ ಏನು ತೋರಿಸಬಹುದೆಂಬ ಕಟ್ಟಳೆ) ಬಿಗಿಯಾದದ್ದೇ ತಡ, ಲಂಗ ಕೆಳಗಿಳಿಯಿತು, ಗಾರ್ಟರ್ ಮಾಯ. ಮನೆಗೆಲಸ, ನಾಯಿಮರಿ ಪಡ್ಜಿ, ಗ್ರ್ಯಾಂಪಿ ಎಂಬ ಮುದುಕ ಇವಿಷ್ಟೇ ಅವಳ ಲೋಕವಾಯಿತು. ಚಿತ್ರಗಳೂ ಸಪ್ಪೆಯಾದವೆನ್ನಿ (ಗ್ರ್ಯಾಂಪಿಯ ಚಿತ್ರವಿಚಿತ್ರ ಯಂತ್ರಗಳು ಮಾತ್ರ ನನಗೆ ಬಲು ಇಷ್ಟ). ಡ್ರಾಯಿಂಗ್ ಮೇಷ್ಟ್ರಾಗಿದ್ದ ನನ್ನ ಕಣ್ಣಿಗೆ ಮೊದಲು ಬೀಳುವುದು ಅಳತೆ: ಕೂಸಿನಂಥ ದೊಡ್ಡ ತಲೆ, ಚಿಟಿಕೆಯಷ್ಟು ಬಾಯಿ, ಹೆಂಗಸಿನ ಮೈ. ಅದರ ಬಗ್ಗೆ ಸಂಹಿತೆಯವರು ತಕರಾರು ಎತ್ತಿದ್ದನ್ನು ನಾನಂತೂ ಕೇಳಿಲ್ಲ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ