ಹಳೇ ಪಿಕಪ್ ಇರುವ ನಮ್ಮ ಗ್ರಾಹಕರಿಗೆ: ಇನ್ನು ಮುಂದೆ ಅಳತೆ ತೆಗೆದೇ ವೀಲ್ ತರಿಸುತ್ತೇವೆ

ನಮಸ್ಕಾರ.

ಆಯುಧಪೂಜೆ ಹತ್ತಿರ ಬಂತು. ಪೂಜೆಗೆ ಮುಂಚೆ ಗಾಡಿಗೆ ಹೊಸ ವೀಲ್, ದಪ್ಪ ಟೈರ್ ಹಾಕಿಸಬೇಕು ಅಂತ ಫೋನ್ ಶುರುವಾಗಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇವೆ. ಹಳೇ ಮಹೀಂದ್ರ, ವಿಲ್ಲೀಸ್, ಟಾಟಾ 207 ಇಂಥ ಪಿಕಪ್‌ಗಳಿಗೆ ಫೋನಿನಲ್ಲಿ ಸೈಜ್ ಕೇಳಿ ವೀಲ್ ತರಿಸುವುದನ್ನು ನಿಲ್ಲಿಸಿದ್ದೇವೆ. ಗಾಡಿ ಅಂಗಡಿಗೆ ಬರಬೇಕು. ಜಾಕ್ ಹಾಕಿ, ಚಕ್ರ ಬಿಚ್ಚಿ, ಅಳತೆ ತೆಗೆಯುತ್ತೇವೆ. ಅದಕ್ಕೆ 600 ರೂಪಾಯಿ. ವೀಲ್ ನಮ್ಮಲ್ಲೇ ತಗೊಂಡರೆ ಅಷ್ಟನ್ನೂ ಬಿಲ್‌ನಲ್ಲಿ ಕಳೆಯುತ್ತೇವೆ. ಸ್ಪೇಸರ್, ಅಂದರೆ ಚಕ್ರ ಹೊರಕ್ಕೆ ಬರಲಿ ಅಂತ ಅದರ ಹಿಂದೆ ಕೂರಿಸುವ ದಪ್ಪ ಬಿಲ್ಲೆ, ಹಾಕಿಕೊಡುವುದು ಪೂರ್ತಿ ಬಂದ್.

‘ಬರೀ ಟೇಪ್ ಹಿಡಿಯೋಕೆ ಆರುನೂರು ರೂಪಾಯಾ?’ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ವರ್ಷಗಟ್ಟಲೆ ಬರುತ್ತಿರುವವರೂ ಹೀಗೆ ಕೇಳಿದಾಗ ಮನಸ್ಸಿಗೆ ನೋವಾಯಿತು. ಉತ್ತರ ಕೊಡಲೇಬೇಕು ಅಲ್ವಾ?

ಐದು ಬೋಲ್ಟಿನ ಚಕ್ರ ನೋಡಿ. ಒಂದು ತೂತಿಗೆ ನೇರ ಎದುರಿಗೆ ಇನ್ನೊಂದು ತೂತು ಇರುವುದಿಲ್ಲ. ವಿಲ್ಲೀಸ್ ಕಾಲದಿಂದ ಬಂದ ಜೀಪ್ ಪಿಕಪ್‌ಗಳ ಪಿಸಿಡಿ, ಅಂದರೆ ಬೋಲ್ಟ್‌ಗಳು ಕೂತಿರುವ ಸುತ್ತಿನ ಅಗಲ, 139.7 ಮಿಲಿಮೀಟರ್. ನಮ್ಮ ಹುಡುಗರ ಬಾಯಲ್ಲಿ ಐದೂವರೆ ಇಂಚು. ಮನೆಯಲ್ಲಿ ಟೇಪ್ ಹಿಡಿದು ಒಂದು ತೂತು ಬಿಟ್ಟು ಮುಂದಿನದಕ್ಕೆ ಅಳೆದರೆ 133 ಬರುತ್ತದೆ. ಪಕ್ಕದ ತೂತಿಗೆ ಅಳೆದರೆ 82. ನೀವು ಟೇಪಿನಲ್ಲಿ ಕಂಡದ್ದನ್ನೇ ಹೇಳುತ್ತೀರಿ, ನಿಮ್ಮ ತಪ್ಪೇನೂ ಇಲ್ಲ. ಆದರೆ ಆ ಲೆಕ್ಕ ನಂಬಿ ವೀಲ್ ತರಿಸಿದರೆ ಅದು ಕೂರುವುದಿಲ್ಲ. ವರ್ಷ ಹೇಳಿದರೆ ಸಾಕು ಅಂತ ಕೆಲವರು ವಾದ ಮಾಡುತ್ತಾರೆ. ಎಲ್ಲರೂ ಫೋಟೋ ತೋರಿಸುವ ಅಮೆರಿಕದ ಶೆವ್ರೊಲೆ ಸಿ-10 ಪಿಕಪ್‌ಗೆ 1970ರವರೆಗೆ ಆರು ಬೋಲ್ಟ್, 1971ರಿಂದ ಐದು. ಅಲ್ಲಿ ವರ್ಷ ನೋಡಿ ಹೇಳಬಹುದು. ನಮ್ಮ ಕಡೆಯ ಗಾಡಿಗಳ ಆಕ್ಸಲ್ ಎಷ್ಟು ಸಲ ಬದಲಾಗಿದೆಯೋ ಆರ್‌ಸಿ ಬುಕ್ಕಿನಲ್ಲಿ ಬರೆದಿರುವುದಿಲ್ಲ.

ಪಿಸಿಡಿ ಸರಿ ಇದ್ದರೂ ಕೆಲಸ ಮುಗಿಯುವುದಿಲ್ಲ. ಮಳವಳ್ಳಿ ಕಡೆಯ ಗ್ರಾಹಕರೊಬ್ಬರಿಗೆ ಫೋನಿನಲ್ಲೇ ಕೇಳಿ ನಾಲ್ಕು ಅಲಾಯ್ ವೀಲ್ ತರಿಸಿದೆವು. ಐದು ಬೋಲ್ಟ್, 139.7, ಎಲ್ಲ ಸರಿ. ಅವಸರದಲ್ಲಿ ಟೈರನ್ನೂ ಏರಿಸಿಬಿಟ್ಟೆವು. ಮುಂದಿನ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಅದರ ಹತ್ತಿರ ಹಿಡಿದರೆ ಒಳಗೇ ಹೋಗಲಿಲ್ಲ. ವೀಲಿನ ನಡುವಿನ ತೂತು 77.8 ಮಿಲಿಮೀಟರ್ ಇತ್ತು, ಅಲ್ಲಿ ಬೇಕಾಗಿದ್ದದ್ದು 108. ಟೈರ್ ಏರಿಸಿದ್ದರಿಂದ ನಮಗೆ ವೀಲ್ ಕೊಟ್ಟವರು ಅದನ್ನು ವಾಪಸ್ ತಗೊಳ್ಳಲಿಲ್ಲ. ಗ್ರಾಹಕರಿಗೆ ನಾವು ಪೂರ್ತಿ ದುಡ್ಡು ಕೊಟ್ಟೆವು. ಆ ನಾಲ್ಕು ವೀಲ್ ಇವತ್ತಿಗೂ ಗೋಡೌನ್ ಅಟ್ಟದ ಮೇಲಿವೆ. ತಪ್ಪು ನಮ್ಮದೇ. ಪೂಜೆ ದಿನ ಆ ಗಾಡಿ ಹಳೇ ಚಕ್ರದಲ್ಲೇ ನಿಂತಿತು. ಅವರ ಕ್ಷಮೆ ಇಲ್ಲೂ ಕೇಳುತ್ತೇವೆ.

ಇನ್ನು ಸ್ಪೇಸರ್. ಬೇರೆ ಕಡೆ ಸ್ಪೇಸರ್ ಕೊಟ್ಟು 31 ಇಂಚು ಎತ್ತರದ ಟೈರ್ ಹಾಕಿಸಿಕೊಂಡ ಗಾಡಿಯೊಂದು ಚಾಮುಂಡಿ ಬೆಟ್ಟ ಇಳಿದು ನೇರ ನಮ್ಮಲ್ಲಿಗೆ ಬಂತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದೆವು. ಫೆಂಡರಿನ ಒಳ ಅಂಚು ತಿಕ್ಕಿ ತಿಕ್ಕಿ ಬೆಳ್ಳಿ ತರ ಹೊಳೆಯುತ್ತಿತ್ತು. ಟೈರಿನ ಭುಜದಲ್ಲಿ ನಾಲ್ಕು ಬೆರಳಗಲ ರಬ್ಬರ್ ಕಿತ್ತು ಬಂದಿತ್ತು. ಎರಡು ನಟ್ ಕೈಯಲ್ಲೇ ತಿರುಗಿದವು. ಆ ಗಾಡಿಯ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅವತ್ತೇ ತೀರ್ಮಾನ ಮಾಡಿದೆವು.

31 ಇಂಚು ಬೇಡವೇ ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ನೋಡಿ. ಗಾಡಿಯಲ್ಲಿ ಈಗಿರುವುದು 215/75 ಆರ್15 ಟೈರ್ ಆದರೆ ಅದರ ಎತ್ತರ ಸುಮಾರು 703 ಮಿಲಿಮೀಟರ್, 31ರದ್ದು 787. ಮೀಟರಿನಲ್ಲಿ 60 ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ. ಲೋಡ್ ಇದ್ದಾಗ ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಬ್ರೇಕ್ ಮೊದಲಿನಷ್ಟು ಹಿಡಿಯುವುದಿಲ್ಲ. ಪವರ್ ಸ್ಟಿಯರಿಂಗ್ ಇಲ್ಲದಿದ್ದರೆ ಸಂತೆ ಬೀದಿಯಲ್ಲಿ ತಿರುಗಿಸುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ. 31ರ ಟೈರಿಗೆ 7 ಇಂಚಿಗಿಂತ ಕಡಿಮೆ ಅಗಲದ ರಿಮ್ ಕೂಡ ಆಗುವುದಿಲ್ಲ. ನೋಟಕ್ಕೂ ಓಟಕ್ಕೂ ನಮಗೆ ಇಷ್ಟವಾದದ್ದು 235/75 ಆರ್15. ಎತ್ತರ 733, ಗಾಡಿ ತುಂಬಿಕೊಂಡಂತೆ ಕಾಣುತ್ತದೆ. ಆಲೆಮನೆಯಿಂದ ಬೆಲ್ಲ ತುಂಬುವವರು ಟೈರಿನ ಪಕ್ಕದಲ್ಲಿರುವ ಲೋಡ್ ನಂಬರ್ ನೋಡಲೇಬೇಕು. 100 ಅಂದರೆ ಒಂದು ಟೈರಿಗೆ 800 ಕೆಜಿ, 91 ಅಂದರೆ 615. ಹಿಂದಿನ ಎರಡು ಟೈರ್ ಸೇರಿದರೆ 370 ಕೆಜಿ ವ್ಯತ್ಯಾಸ. ಚೆನ್ನಾಗಿ ಕಾಣುತ್ತದೆ ಅಂತ ಕಾರಿನ ಟೈರ್ ಕೇಳಿದರೆ ಲೋಡ್ ಗಾಡಿಗೆ ನಾವು ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ರೇಟಿನ ವಿಷಯ. ಜಿಎಸ್‌ಟಿ ಇಳಿದರೂ ನಾವು ಇಳಿಸಲಿಲ್ಲ ಅಂತ ಯಾರೋ ಹಬ್ಬಿಸಿದ್ದಾರೆ. 2025ರ ಸೆಪ್ಟೆಂಬರ್ 22ರಂದು ಟೈರ್ ಮೇಲಿನ ತೆರಿಗೆ 28ರಿಂದ 18ಕ್ಕೆ ಬಂತು. ನಮ್ಮ ಬಿಲ್ ಅವತ್ತಿನಿಂದಲೇ 18. ದಸರಾಕ್ಕೆ ಅಂತ ಮೊದಲೇ 28 ಕಟ್ಟಿ ತುಂಬಿಸಿದ್ದ ಮಾಲನ್ನೂ 18ರಲ್ಲೇ ಮಾರಿದೆವು. ಹೆಚ್ಚಿಗೆ ಕಟ್ಟಿದ್ದು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಲೆಕ್ಕದಲ್ಲಿ ಕೂತಿತು, ಕೈಗೆ ಬರಲಿಲ್ಲ. ಹಳೇ ಬಿಲ್ ಮನೆಯಲ್ಲಿದ್ದರೆ ತೆಗೆದು ನೋಡಿ. ಇನ್ನು ವೀಲ್ ಸಾಗಿಸುವ ಬಾಡಿಗೆ ತೂಕದ ಮೇಲಲ್ಲ, ಲಾರಿಯಲ್ಲಿ ಹಿಡಿಯುವ ಜಾಗದ ಮೇಲೆ. ತಪ್ಪು ಸೈಜ್ ಬಂದರೆ ಬರುವ ಬಾಡಿಗೆ, ಹೋಗುವ ಬಾಡಿಗೆ ಎರಡೂ ನಮ್ಮ ತಲೆ ಮೇಲೆ. ಈ 600 ಬಂದದ್ದು ಅಲ್ಲಿಂದ. ಇಬ್ಬರು ಹುಡುಗರಿಗೆ ಒಂದು ಗಂಟೆ ಕೆಲಸ, ಸುಮ್ನೆ ತಗೊಳ್ಳುವ ದುಡ್ಡಲ್ಲ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಅಳತೆಗೆ ಕಾಸು ಇಲ್ಲ. ನಾವು ಹಾಕಿದ ಸ್ಪೇಸರ್ ನಿಮ್ಮ ಗಾಡಿಯಲ್ಲಿದ್ದರೆ ತನ್ನಿ, ಬಿಚ್ಚಿ, ನಟ್ ಬೋಲ್ಟ್ ನೋಡಿ, ಸ್ಪೇಸರಿನ ದುಡ್ಡು ವಾಪಸ್ ಕೊಡುತ್ತೇವೆ. ಬೆಳಿಗ್ಗೆ ಹತ್ತರೊಳಗೆ ಬಂದರೆ ಒಳ್ಳೆಯದು. ಯಾವಾಗಲೂ ತುಂಬುವಷ್ಟು ಲೋಡ್ ಹಾಕಿಕೊಂಡೇ ಬನ್ನಿ. ಖಾಲಿ ಗಾಡಿಯಲ್ಲಿ ಕಾಣುವ ಸಂದು ಮೂಟೆ ಬಿದ್ದ ಮೇಲೆ ಇರುವುದಿಲ್ಲ. ಅಳತೆ ಬರೆದ ಚೀಟಿ ನಿಮ್ಮ ಕೈಗೇ ಕೊಡುತ್ತೇವೆ. ವೀಲನ್ನು ಬೇರೆ ಕಡೆ ತಗೊಂಡರೂ ಆ ಚೀಟಿ ನಿಮ್ಮದೇ.

ನಿಮ್ಮ ಅಂಗಡಿಯವರು
ಬನ್ನಿಮಂಟಪ, ಮೈಸೂರು