ನನ್ನ ಸೂಜಿ, ನಿನ್ನ ಸೊಂಟ

ಪ್ರೀತಿಯ ಮಂಜ,

ಫೋನಿನಲ್ಲಿ ಹೇಳಿದರೆ ನಗುತ್ತೀಯ, ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನೀನು ಸ್ವಲ್ಪ ಮರ್ಯಾದಸ್ಥ. ಕೈಮರದ ಚೆಕ್‌ಪೋಸ್ಟ್ ವಿಷಯ ಎತ್ತಲ್ಲ, ಹೆದರಬೇಡ.

ಹೌದು ಕಣೋ, ಸುದ್ದಿ ನಿಜ. ಕಾಫಿ ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಕೆಲಸ ಬಿಟ್ಟವನು ಈಗ ಅಕ್ಯುಪಂಕ್ಚರ್ ವಿದ್ಯಾರ್ಥಿ, ಅಂದರೆ ಸೂಜಿ ಚುಚ್ಚಿ ನೋವು ಕಳೆಯುವ ಚೀನೀ ವೈದ್ಯ ಕಲಿಯುತ್ತಿದ್ದೇನೆ. ಬಸವನಹಳ್ಳಿ ಕಡೆ ಒಂದು ಮಹಡಿ ಮೇಲೆ ಕ್ಲಾಸು. ಪಕ್ಕದಲ್ಲಿ ಕೂರುವ ಹುಡುಗಿ 'ಅಂಕಲ್, ನೋಟ್ಸ್ ಕೊಡ್ಲಾ' ಅನ್ನುತ್ತಾಳೆ. ಮೈಮೇಲೆ ಸೂಜಿ ಹಾಕುವ 361 ಬಿಂದುಗಳು, ಎಲ್ಲಕ್ಕೂ ಚೀನೀ ಹೆಸರು. ರಾತ್ರಿ ನಾನು ಉರು ಹೊಡೆಯಲು ಕೂತರೆ ಮನೆಯವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಚೀನಾದ್ದು ಅಂತ ಮೂಗು ಮುರಿಯಬೇಡ. 1938ರಲ್ಲಿ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಕೊಡಲು ಕೋಟ್ನೀಸ್ ಡಾಕ್ಟರ ಜೊತೆ ಚೀನಾಕ್ಕೆ ಹೋಗಿದ್ದ ಡಾಕ್ಟರ್ ಬಿಜಯ್ ಕುಮಾರ್ ಬಸು ಮುಂದೆ ಎಷ್ಟೋ ವರ್ಷದ ಮೇಲೆ ಇದನ್ನು ಕಲಿತು ಕಲ್ಕತ್ತಕ್ಕೆ ತಂದರು.

ಮೊನ್ನೆ ನಮ್ಮ ತೋಟದಲ್ಲೇ ಹಣ್ಣು ಕೊಯ್ಯುತ್ತಿದ್ದ ಒಬ್ಬ ಅಜ್ಜಿ ಮಂಡಿ ನೋವು ಅಂತ ಬಂದಿತ್ತು. ನನ್ನನ್ನು ಕಂಡದ್ದೇ ಮಂಚದಿಂದ ಇಳಿದು ನಿಲ್ಲಲು ಹೊರಟಿತು. ಹಳೇ ಅಭ್ಯಾಸ. 'ಮಲ್ಕೊಳಮ್ಮ' ಅಂದೆ. ಮಂಡಿ ಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಳೆದು, ಮುಂಗಾಲಿನ ಮೂಳೆಯಿಂದ ಒಂದು ಬೆರಳು ಹೊರಗಡೆಗೆ ಹೋದರೆ ಝೂಸಾನ್ಲಿ ಅನ್ನುವ ಬಿಂದು. ಅಳತೆ ರೋಗಿಯ ಬೆರಳಿನದ್ದೇ ಆಗಬೇಕು, ನಮ್ಮದಲ್ಲ. ಅಜ್ಜಿಯ ಬೆರಳುಗಳನ್ನು ಜೋಡಿಸಿ ಅದರ ಕಾಲ ಮೇಲೇ ಇಟ್ಟೆ. ಗಂಟು ಗಂಟು, ಉಗುರಿನ ಸಂದಿಯಲ್ಲಿ ಹೋಗದ ಕಪ್ಪು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಕೂದಲೆಳೆಯಂಥ ಸೂಜಿ ಇಳಿಸಿದೆ. 'ಜೋಮು ಹಿಡಿತು ರೈಟ್ರೇ' ಅಂದಿತು. ಅದೇ ಬೇಕಾದದ್ದು. ಆಮೇಲೆ ಗೊರಕೆ!

ಅವತ್ತೇ ರಾತ್ರಿ ಒಂದು ವಿಷಯ ಓದಿ ತಲೆ ಕೆಟ್ಟಿತು. ಜರ್ಮನಿಯಲ್ಲಿ ಸೊಂಟ ನೋವಿನ 1162 ಜನರ ಮೇಲೆ ಮಾಡಿದ ಪರೀಕ್ಷೆ, 2007ರಲ್ಲಿ ಪ್ರಕಟವಾದದ್ದು. ಸರಿಯಾದ ಬಿಂದುಗಳಿಗೆ ಚುಚ್ಚಿದವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತು. ಬಿಂದುವೇ ಅಲ್ಲದ ಕಡೆ ಸುಮ್ನೆ ಮೇಲೆ ಮೇಲೆ ಚುಚ್ಚಿದವರಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4 ಅಷ್ಟೇ. ಹಾಗಾದರೆ ನನ್ನ 361 ಯಾಕೋ ಮಾರಾಯ?

ಬೇಜಾರಾಗಬೇಕಿತ್ತು. ಆಗಲಿಲ್ಲ, ಅದೇ ನನ್ನ ಕಸಿವಿಸಿ. ಗುಣ ಸೂಜಿಯದ್ದೋ, ಮುಟ್ಟಿ ಕೂರುವುದರದ್ದೋ, ನನಗೆ ಎರಡನೆಯದೇ ಸಾಕಾಗಿದೆ. ಇಷ್ಟು ವರ್ಷ ನಾನು ಬಂದರೆ ಜನ ಮಾತು ನಿಲ್ಲಿಸಿ ಕೈ ಚುರುಕು ಮಾಡುತ್ತಿದ್ದರು. ಅದನ್ನೇ ಗೌರವ ಅಂದುಕೊಂಡಿದ್ದೆ. ಮನೆಯಲ್ಲೂ ಅಷ್ಟೇ. ನಾನು ಒಳಗೆ ಕಾಲಿಟ್ಟರೆ ಟಿವಿ ಸೌಂಡ್ ಕಡಿಮೆಯಾಗುತ್ತದೆ, ಮಗ ಎದ್ದು ರೂಮಿಗೆ ಹೋಗುತ್ತಾನೆ. ನಾನು ಬಯ್ಯುವವನೂ ಅಲ್ಲ, ನಿನಗೆ ಗೊತ್ತು. ಆದರೂ ಹೋಗುತ್ತಾನೆ. ನನ್ನ ಕೈ ಕೆಳಗೆ ಒಬ್ಬರು ಭಯವಿಲ್ಲದೆ ನಿದ್ದೆ ಮಾಡಿದ್ದು ಈ ವಯಸ್ಸಿಗೆ ಮೊದಲ ಸಲ ನೋಡಿದೆ.

ಅಯ್ಯೋ, ಜಾಸ್ತಿ ಆಯ್ತು. ಮಗ ಇದನ್ನು ಓದಿದರೆ ಓದಲಿ, ಲೈಕ್ ಒತ್ತಲಿಕ್ಕಾದರೂ ರೂಮಿಂದ ಹೊರಗೆ ಬರಬಹುದು.

ವಿಷಯಕ್ಕೆ ಬರುತ್ತೇನೆ. ಪ್ರಾಕ್ಟೀಸಿಗೆ ಒಂದು ಹಾಳಾದ ಸೊಂಟ ಬೇಕು, ಮೊದಲು ನೆನಪಾದದ್ದು ನಿನ್ನದೇ. ಸುತ್ತಲೂ ಹುಡುಗ ಹುಡುಗಿಯರು ಇರುತ್ತಾರೆ, ಒಳ್ಳೇ ಪಂಚೆ ಉಟ್ಟು ಬಾ. ಖಾಲಿ ಹೊಟ್ಟೆಗೆ ಸೂಜಿ ಹಾಕಬಾರದು, ತಲೆ ಸುತ್ತುತ್ತದೆ. ತಿಂದು ಬಾ ಅಂತ ನಿನಗೆ ಹೇಳಬೇಕಾದ ಕರ್ಮ ನೋಡು.

ಇಂತಿ ನಿನ್ನ,
ರೈಟರ್ ಡಾಕ್ಟರ್
(ಡಾಕ್ಟರ್ ಅಂತ ಕರೆದರೆ ಮೇಷ್ಟ್ರು ಬಯ್ಯುತ್ತಾರೆ, ನೀನು ಮಾತ್ರ ಕರೆಯಬಹುದು)